ಬಿಡಿ ಕೋಲು ಸಿಗುವುದಿಲ್ಲ

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಬರದಿದ್ದರೂ ಹೇಳುತ್ತಾರೆ, ಅದೇ ತೊಂದರೆ. ಹೇಳಿದ ಸುಳ್ಳು ಮನೆಯೊಳಗೆ ಬಂದು, ಉಂಡು ಬೆಳೆದು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಮೇಲೆ, "ಇದನ್ನು ಯಾರು ಕರೆದದ್ದು?" ಎನ್ನುವಂತೆ ನನ್ನ ಮುಖ ನೋಡುತ್ತಾರೆ.

ನಮ್ಮವರು ಎಂದರೆ ಹರೀಶ. ಮೌದಾದ ವಿದ್ಯುತ್ ಸ್ಥಾವರಕ್ಕೆ ಸಾಮಾನು ಒದಗಿಸುವ ಗುತ್ತಿಗೆದಾರರೊಬ್ಬರ ಸ್ಟೋರ್ ನೋಡಿಕೊಳ್ಳುತ್ತಾರೆ. ನಾನು ಬುಟಿಬೋರಿಯ ಔಷಧ ಕಾರ್ಖಾನೆಯಲ್ಲಿ ಮಾತ್ರೆ ತೂಗಿ ನೋಡುವವಳು. ಬೆಳಗಿನ ಪಾಳಿ ಮುಗಿಸಿ ಕಂಪನಿ ಬಸ್ಸಿಳಿಯುವ ಹೊತ್ತಿಗೆ ನನ್ನಲ್ಲಿ ಲಿಫ್ಟಿನ ಗುಂಡಿ ಒತ್ತುವಷ್ಟೇ ಜೀವ ಉಳಿದಿರುತ್ತದೆ. ಮಗಳು ಯಶಿಕಾ ಆರನೆಯ ತರಗತಿ. ಮಾವ ಮಲ್ಲೇಶಪ್ಪನವರು ಗದಗದ ಕಡೆಯವರು. ವಾಯುಸೇನೆ ಸೇರಿ, ಊರೂರು ಸುತ್ತಿ, ನಾಗಪುರದಲ್ಲಿ ನಿವೃತ್ತರಾಗಿ ಇಲ್ಲೇ ಉಳಿದರು. ಮನೆ ವರ್ಧಾ ರಸ್ತೆಯ ಕಡೆ, ನಾಲ್ಕು ಮಹಡಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ. ವಿಮಾನಗಳು ಇಳಿಯುವಾಗ ನಮ್ಮ ತಲೆಯ ಮೇಲೇ ಹೋಗುತ್ತವೆ.

ಕಥೆಗೆ ಬೇಕಾದ ದಾಖಲೆ ಇಷ್ಟು: ಹೋದ ವರ್ಷ ಜನವರಿ ಇಪ್ಪತ್ತಾರರಂದು ಧ್ವಜ ಏರಿಸಿದ ಮೇಲೆ ನಮ್ಮವರು ಸೊಸೈಟಿಯ ಅಂಗಳದಲ್ಲಿ ಭಾಷಣ ಮಾಡಿದರು. ವಿಷಯ, ವಿಡಿಯೋ ಗೇಮ್ ಎಂಬ ಪಿಡುಗು. ಯಶಿಕಾಳ ಗಣಿತದ ಅಂಕಪಟ್ಟಿ ಹಿಂದಿನ ದಿನವೇ ಬಂದಿತ್ತು. ಭಾಷಣದ ಕಾವಿನಲ್ಲಿ ಅವರೇ ಒಂದು ಠರಾವು ಬರೆದು, ಅವರೇ ಓದಿ, ಅವರೇ ಮೊದಲು ಕೈ ಎತ್ತಿದರು: ಸೊಸೈಟಿಯ ಯಾವ ಮನೆಯಲ್ಲಾದರೂ ಗೇಮ್ ಆಡುವ ಯಂತ್ರ ಕಂಡುಬಂದರೆ ಅದನ್ನು ವಶಪಡಿಸಿಕೊಂಡು ಆಫೀಸಿನ ಕಪಾಟಿನಲ್ಲಿ ಇಡತಕ್ಕದ್ದು. ಸೆಕ್ರೆಟರಿ ಉಮಾಠೆ ಸಾಹೇಬರು ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಠರಾವಿನ ಮೇಲೆ ಮೊಹರು ಒತ್ತುವಾಗ ಅವರ ಕಣ್ಣು ಒದ್ದೆಯಾಗಿತ್ತು. ಎಷ್ಟೋ ವರ್ಷದ ನಂತರ ಮೊಹರಿಗೆ ಕೆಲಸ ಸಿಕ್ಕಿತ್ತು.

ಜೂನಿನಲ್ಲಿ ಮಾವನಿಗೆ ಲಕ್ವಾ ಹೊಡೆಯಿತು. ಕಾಲು ಅರ್ಧ ಉಳಿಯಿತು, ಮಾತು ಕಾಲು ಭಾಗ ಉಳಿಯಿತು, ಬಲಗೈ ಉಳಿಯಲಿಲ್ಲ. ಆ ಕೈಯನ್ನು ಅವರು ಶಾಲಿನೊಳಗೆ ಬಚ್ಚಿಡತೊಡಗಿದರು. ಎಡಗೈಯಲ್ಲಿ ಉಣ್ಣುವುದನ್ನು ಮೊಮ್ಮಗಳು ನೋಡಬಾರದೆಂದು ತಮ್ಮ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದರು.

ಫಿಜಿಯೋಥೆರಪಿಯ ಡಾಕ್ಟರ್ ಅಕ್ಷರಾ ಬೆಂಗಳೂರಿನ ಹುಡುಗಿ. ಕನ್ನಡದವರು ಸಿಕ್ಕರೆಂದು ಅವಳಿಗೂ ಖುಷಿ, ನಮಗೂ ಖುಷಿ. ಆದರೆ ಹೇಳಿದ ಮಾತು ಖುಷಿಯದಲ್ಲ. "ಅಂಕಲ್, ಭುಜ ಹೀಗೇ ಬಿಟ್ರೆ ಗಟ್ಟಿಯಾಗ್ಬಿಡುತ್ತೆ. ಚಳಿಗಾಲ ಮುಗಿಯೋದ್ರೊಳಗೆ ಕೈ ತಲೆ ಮೇಲೆ ಹೋಗ್ಬೇಕು. ಆಮೇಲೆ ನಾನು ಏನ್ ಮಾಡಿದ್ರೂ ಅಷ್ಟೇ."

ಮಾವನ ಬಳಿ ಉಳಿದಿದ್ದ ಕಾಲು ಭಾಗ ಮಾತಿನಲ್ಲಿ ಮುಕ್ಕಾಲು ಪಾಲು ಒಂದೇ ಶಬ್ದವಾಗಿತ್ತು. "ಬ್ಯಾಡ."

ಚೆಂಡು ಹಿಸುಕುವುದು ಬ್ಯಾಡ. ಗೋಡೆಯ ಮೇಲೆ ಬೆರಳು ಏರಿಸುವುದು ಬ್ಯಾಡ. ಕೊನೆಗೆ ಅಕ್ಷರಾ ಸೋತು, "ಗೇಮ್ ಆಡೋ ಕೋಲು ಬರುತ್ತಲ್ಲ, ತುದೀಲಿ ದೀಪದ ಗುಂಡು ಇರೋದು? ಅದನ್ನ ಬೀಸಿದ್ರೆ ಟಿವೀಲಿ ಚೆಂಡು ಉರುಳುತ್ತೆ. ಅದನ್ನ ಟ್ರೈ ಮಾಡಿ" ಎಂದಳು.

ನಮ್ಮವರು ಸೀತಾಬರ್ಡಿಯ ಅಂಗಡಿಗೆ ಹೋದರು. ಜೊತೆಗೆ ನಾನೂ ಇದ್ದೆ, ನಿಂತೇ ನಿದ್ದೆ ಮಾಡುತ್ತ.

"ಭಾವು, ಒಂದು ಕೋಲು ಕೊಡಿ. ಬೀಸುವಂಥದ್ದು" ಎಂದರು ನಮ್ಮವರು ಹಿಂದಿಯಲ್ಲಿ.

"ಬಿಡಿ ಕೋಲು ಸಿಗೋದಿಲ್ಲ ಸಾಹೇಬ, ಕಾಂಬೋ" ಎಂದ ಅಂಗಡಿಯವನು. "ಗೇಮಿನ ಡಬ್ಬಿ, ಕ್ಯಾಮೆರಾ, ಎರಡು ಕೋಲು, ಬೌಲಿಂಗಿನ ಡಿಸ್ಕು, ಡಾನ್ಸಿನ ಡಿಸ್ಕು. ಹಳೇ ಮಾಡೆಲ್, ಲಾಸ್ಟ್ ಪೀಸ್."

"ನಮಗೆ ಡಾನ್ಸ್ ಬೇಡ."

"ಮಾಡಬೇಡಿ. ಡಿಸ್ಕ್ ತಗೊಂಡು ಹೋಗಿ."

"ಕೋಲು ಒಂದೇ ಸಾಕು. ಇರೋದೇ ಒಂದು ಕೈ."

"ಸಾಹೇಬ," ಅಂಗಡಿಯವನು ಸಮಾಧಾನದಿಂದ ತಿಳಿಹೇಳಿದ, "ಡಬ್ಬಿ ಇಲ್ಲದೆ ಕೋಲಿನ ದೀಪ ಹೊತ್ತೋದೇ ಇಲ್ಲ. ಬೇರೆ ಬೇರೆ ಮಾಡಿದರೆ ಯಾವುದೂ ಯಾವುದಕ್ಕೂ ಬರೋದಿಲ್ಲ."

ಸ್ಟೋರ್ ನೋಡಿಕೊಳ್ಳುವವರಿಗೆ ಈ ವಾದ ಹಿಡಿಸಿತು. ಎಲ್ಲವನ್ನೂ ತಂದರು.

ಠರಾವು ನೆನಪಾದದ್ದು ಗೇಟಿನ ಹತ್ತಿರ. ಡಬ್ಬಿಯ ಮೇಲೆ ಕೋಲು ಹಿಡಿದು ನೆಗೆಯುತ್ತಿದ್ದ ಮಕ್ಕಳ ಚಿತ್ರವಿತ್ತು. ನಮ್ಮವರು ಕೂಡಲೇ ನನ್ನ ದುಪಟ್ಟಾ ಕೇಳಿದರು. ಲಿಫ್ಟಿನಲ್ಲಿ ಉಮಾಠೆ ಸಾಹೇಬರು, ದುಪಟ್ಟಾ ಹೊದ್ದ ಡಬ್ಬಿಯನ್ನು ಎದೆಗವಚಿಕೊಂಡ ಇವರನ್ನು ಮೇಲಿಂದ ಕೆಳಗೆ ನೋಡಿ, "ಏನು ಹರೀಶಭಾವು, ಇದು?" ಎಂದರು.

"ಮಷೀನ್ ಸಾಹೇಬ. ಮೆಡಿಕಲ್. ಅಪ್ಪನ ಕೈಗೆ. ಬೆಂಗಳೂರಿನದು" ಎಂದರು ನಮ್ಮವರು. ಅಷ್ಟಕ್ಕೇ ನಿಲ್ಲಬೇಕಿತ್ತು. "ನರ ಬಿಡಿಸುತ್ತದೆ" ಎಂದೂ ಸೇರಿಸಿದರು.

ಮಾವ ಕೋಲನ್ನು ನೋಡಲೂ ಇಲ್ಲ. ಟಿವಿಯಲ್ಲಿ ಬಣ್ಣಬಣ್ಣದ ಬೊಂಬೆಯೊಂದು ಚೆಂಡು ಹಿಡಿದು ಕುಣಿಯುತ್ತಿತ್ತು. "ಬ್ಯಾಡ" ಎಂದರು.

"ಅಪ್ಪಾ, ಭಾಳ ಸರಳ ಐತಿ. ಹಿಂಗ ಹಿಡೀಬೇಕು, ಹಿಂಗ ಬೀಸಬೇಕು." ನಮ್ಮವರು ಬೀಸಿ ತೋರಿಸಿದರು. ಕೋಲಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕೆಂದು ಯಶಿಕಾ ಹೇಳುವಷ್ಟರಲ್ಲಿ ಕೋಲು ಕೈಬಿಟ್ಟು ಹಾರಿ ಗೋಡೆಯ ಮೇಲಿದ್ದ ಮಾವನ ಫೋಟೋಗೆ ಬಡಿಯಿತು. ದೊಡ್ಡದೊಂದು ವಿಮಾನದ ಮುಂದೆ ಚಿಕ್ಕದಾಗಿ ನಿಂತ ಮಾವ. ಗಾಜು ಸೀಳಿತು. ಮಾವ ಆ ಬಿರುಕನ್ನು ಸ್ವಲ್ಪ ಹೊತ್ತು ನೋಡಿ ಮುಖ ತಿರುಗಿಸಿದರು. ನಮ್ಮವರು ಅದಕ್ಕೆ ಟೇಪ್ ಅಂಟಿಸಿದರು, ವಕ್ರವಾಗಿ.

ಮರುದಿನ ಸಂಜೆ ಬಾಗಿಲು ಬಡಿದದ್ದು ಎದುರು ಮನೆಯ ಸುಲೋಚನಾ ಕಾಕೂ. ಕಾಕೂ ಮಾತಾಡುವುದು ಮರಾಠಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಅವರ ಗಂಟಲನ್ನು ತರಲಾಗಿಲ್ಲ, ಅದು ಓದುಗರ ಅದೃಷ್ಟ.

"ಏನೋ ನರ ಬಿಡಿಸೋ ಮಷೀನ್ ಬಂದಿದೆಯಂತೆ? ಎರಡು ವರ್ಷದಿಂದ ಈ ಭುಜ ಎತ್ತಲಿಕ್ಕೆ ಬರ್ತಿಲ್ಲ. ಜಡೆ ಸೊಸೆ ಹಾಕಬೇಕು. ಅವಳು ಎಳೆಯೋದು ನೋಡಿದರೆ ಜಡೆ ಹಾಕ್ತಾಳೋ ಸೇಡು ತೀರಿಸ್ತಾಳೋ ಗೊತ್ತಾಗಲ್ಲ. ಒಂದು ಸಲ ಹಚ್ಚಿ ನೋಡು ಹರೀಶ."

ನಮ್ಮವರು ನನ್ನ ಮುಖ ನೋಡಿದರು. ನಾನು ಕುಕ್ಕರಿನ ಮುಖ ನೋಡಿದೆ.

"ಕಾಕೂ, ಟಿವಿಯಲ್ಲಿ ಹತ್ತು ಬಿಳೀ ಗೂಟ ಕಾಣ್ತಾವಲ್ಲ, ಅವು ನರ" ಎಂದರು ನಮ್ಮವರು. ಹಿಂದಿರುಗುವ ದಾರಿ ಅಲ್ಲಿಗೆ ಮುಚ್ಚಿತು. "ಚೆಂಡು ಬಿಟ್ಟಾಗ ಎಷ್ಟು ಬೀಳ್ತಾವೋ ಅಷ್ಟು ನರ ಬಿಟ್ಟವು ಅಂತ ಲೆಕ್ಕ."

ಕಾಕೂ ಮೊದಲ ದಿನ ಎರಡು ನರ ಬಿಡಿಸಿಕೊಂಡರು. ನಾಲ್ಕನೆಯ ದಿನ ಏಳು. ಒಂಬತ್ತನೆಯ ದಿನ ಹತ್ತಕ್ಕೆ ಹತ್ತೂ ಬಿದ್ದು ಟಿವಿಯಲ್ಲಿ ಪಟಾಕಿ ಹಾರಿದಾಗ, "ಅಗ ಬಾಈ! ಕುತ್ತಿಗೆವರೆಗೂ ಹೋಯಿತು!" ಎಂದು ಕೂಗಿದರು. ಆ ವಾರ ತಮ್ಮ ಜಡೆ ತಾವೇ ಹಾಕಿಕೊಂಡು ಸೊಸೆಯ ಮುಂದೆ ಮೂರು ಸಲ ಓಡಾಡಿದರು.

ಸುದ್ದಿ ಮೆಟ್ಟಿಲಿಳಿಯಿತು, ಲಿಫ್ಟು ಹತ್ತಿತು. ಮೂರನೆಯ ಮಹಡಿಯ ಸೊಂಟ ಬಂತು, ಮೊದಲನೆಯ ಮಹಡಿಯ ಮೊಣಕೈ ಬಂತು. ಉಮಾಠೆ ಸಾಹೇಬರೇ ಮೊಣಕಾಲು ಹಿಡಿದುಕೊಂಡು ಬಂದರು. ನಮ್ಮವರು ಸಂಜೆ ಐದರಿಂದ ಏಳು ಎಂದು ಸಮಯ ಗೊತ್ತುಮಾಡಿ ರಿಜಿಸ್ಟರ್ ಇಟ್ಟರು: ಹೆಸರು, ಅಂಗ, ಫಲ. ನಾಲ್ಕನೆಯ ಮಹಡಿಯ ಒಬ್ಬ ವಿಧವೆ ಅಂಗ ಎಂಬಲ್ಲಿ "ಬೇಸರ" ಎಂದು ಬರೆದರು. ಅವರಿಗೂ ಸರದಿ ಕೊಟ್ಟೆವು. ಪಾಳಿ ಮುಗಿಸಿ ಬಂದ ನಾನು ನನ್ನದೇ ಮನೆಯ ಬಾಗಿಲಲ್ಲಿ, "ನಿಮ್ಮ ನಂಬರ್ ಎಷ್ಟು?" ಎಂದು ಕೇಳಿಸಿಕೊಂಡಿದ್ದೇನೆ.

ಯಶಿಕಾಳಿಂದ ಆಣೆ ಹಾಕಿಸಿಕೊಂಡಿದ್ದೆವು. ಅವಳು ಹೋಮ್‌ವರ್ಕ್ ಮುಂದಿಟ್ಟುಕೊಂಡು, ಅರವತ್ತು ದಾಟಿದವರೆಲ್ಲ ತನ್ನ ಮನೆಯಲ್ಲಿ ವಿಡಿಯೋ ಗೇಮ್ ಆಡುವುದನ್ನು ನೋಡುತ್ತ ಕೂತಿರುತ್ತಿದ್ದಳು. ಒಮ್ಮೆ ಮಾತ್ರ, "ಅಪ್ಪಾ, ನನಗೂ ಯಾವಾಗರ ರೋಗ ಬರ್ತೈತೇನು?" ಎಂದು ಕೇಳಿದಳು.

ಹೀಗೆ ಎರಡು ತಿಂಗಳಲ್ಲಿ ಸೊಸೈಟಿಯ ಕೈಕಾಲುಗಳೆಲ್ಲ ಸಡಿಲಾದವು. ಒಂದು ಕೈ ಬಿಟ್ಟು. ಆ ಕೈಯ ಒಡೆಯರು ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ತಮಗಾಗಿ ತಂದ ಕೋಲು ಕಂಡವರ ಕೈಯಲ್ಲಿ ಹೊಳೆಯುವುದನ್ನು ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ನಮ್ಮವರು ಕೋಲನ್ನು ಒರೆಸಿ ಅವರ ಮುಂದೆ ಹಿಡಿಯುತ್ತಿದ್ದರು. "ಅಪ್ಪಾ, ಒಂದs ಸಲ."

"ಬ್ಯಾಡ."

ನವೆಂಬರಿನಲ್ಲಿ ಅಕ್ಷರಾ ಮಾವನ ಭುಜ ಒತ್ತಿ ನೋಡಿ ಏನೂ ಹೇಳಲಿಲ್ಲ. ಡಾಕ್ಟರು ಸುಮ್ಮನಾದದ್ದು ನಮ್ಮವರಿಗೂ ಅರ್ಥವಾಯಿತು.

ಅದೇ ವಾರ ಸುಳ್ಳು ಸ್ಫೋಟಿಸಿತು. ಉಮಾಠೆ ಸಾಹೇಬರು ಅಭಿಮಾನದಿಂದ ಯಂತ್ರದ ಫೋಟೋ ತೆಗೆದು, "ನಿಮ್ಮ ತಾಯಿಗೂ ಒಂದು ಕೊಡಿಸಿ" ಎಂದು ಪುಣೆಯ ಸೊಸೆಗೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಸೊಸೆ ಉತ್ತರವಾಗಿ, ಕೋಲು ಹಿಡಿದು ನೆಗೆಯುವ ಮಕ್ಕಳ ಜಾಹೀರಾತನ್ನೂ ಕಣ್ಣೀರು ಬರುವಂತೆ ನಗುವ ಹನ್ನೊಂದು ಮುಖಗಳನ್ನೂ ಕಳಿಸಿದಳು.

ತುರ್ತು ಸಭೆ. ಜಾಗ ಟೆರೇಸು, ಸಮಯ ಸಂಜೆ ಏಳು, ಆರೋಪಿ ಹರೀಶ. ಯಂತ್ರವನ್ನು ಸಾಕ್ಷಿಯಾಗಿ ತಂದು ಮೇಜಿನ ಮೇಲಿಟ್ಟು, ನೀರಿನ ಟಾಕಿಯ ಮೋಟಾರಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ್ದರು. ಮಾವನನ್ನು ಒಬ್ಬರನ್ನೇ ಬಿಡುವಂತಿರಲಿಲ್ಲ. ಗಾಲಿಕುರ್ಚಿಯಲ್ಲಿ ಮೇಲೆ ತಂದು ಮೇಜಿನ ಬದಿಗೇ ನಿಲ್ಲಿಸಿದೆವು.

"ಎರಡು ತಿಂಗಳು!" ಉಮಾಠೆ ಸಾಹೇಬರು ಠರಾವಿನ ಪುಸ್ತಕವನ್ನು ಮೇಜಿಗೆ ಬಡಿದರು. "ಎರಡು ತಿಂಗಳು ನಾನು ಈ ಮೊಣಕಾಲನ್ನು ಒಂದು ಮಕ್ಕಳಾಟದ ಮುಂದೆ ಮಡಚಿದ್ದೇನೆ!"

"ವಾಸಿ ಆಗಿದೆಯೋ ಇಲ್ಲವೋ?" ಎಂದರು ಕಾಕೂ.

"ಆಗಿದೆ. ಆದರೆ ಅದು ಬೇರೆ ವಿಷಯ!"

"ಮೆಟ್ಟಿಲು ಹತ್ತಿ ಬಂದಿರಿ ನೀವು. ನಾನು ನೋಡಿದೆ."

"ಕಾಕೂ, ಠರಾವು ಅಂದರೆ ಠರಾವು. ಇದನ್ನು ಬರೆದವರು ಯಾರು? ಹರೀಶಭಾವು. ಓದಿದವರು ಯಾರು? ಹರೀಶಭಾವು. ಯಂತ್ರ ಕಪಾಟಿಗೆ ಹೋಗಬೇಕು, ಬೀಗ ಬೀಳಬೇಕು. ಏನಾದರೂ ಹೇಳೋದಿದೆಯಾ?"

ನಮ್ಮವರು ಎದ್ದು ನಿಂತರು. ನಿಂತೇ ಇದ್ದರು. ಸುಳ್ಳಿಲ್ಲದೆ ಮಾತಾಡಿ ಅಭ್ಯಾಸ ತಪ್ಪಿಹೋಗಿತ್ತು. ಕೊನೆಗೆ, "ಅಪ್ಪನ ಕೈ ಇನ್ನೂ ಎದ್ದಿಲ್ಲ ಸಾಹೇಬ" ಎಂದಷ್ಟೇ ಹೇಳಿದರು.

ಆಗ ಏಳೂ ಹತ್ತರ ವಿಮಾನ ಬಂತು. ದೂರದಲ್ಲಿ ಎರಡು ದೀಪ, ನಮ್ಮ ಕಡೆಗೇ. ಸದ್ದಿಗೆ ಸಭೆ ಸುಮ್ಮನಾಯಿತು.

"ಹಿಂದ... ಸರೀರಿ."

ಯಾರ ದನಿ ಎಂದು ಒಂದು ಕ್ಷಣ ತಿಳಿಯಲಿಲ್ಲ. ಮಾವ ಎಡಗೈಯಿಂದ ಮೇಜಿನ ಮೇಲಿನ ಒಂದು ಕೋಲು ತೆಗೆದುಕೊಂಡರು. ಅದನ್ನು ತೊಡೆಯ ಮೇಲಿಟ್ಟು, ಎರಡನೆಯದನ್ನೂ ತೆಗೆದು, ಶಾಲಿನೊಳಗಿನ ಬಲಗೈಯನ್ನು ಹೊರಗೆಳೆದು, ಅದರ ಬೆರಳುಗಳನ್ನು ಒಂದೊಂದಾಗಿ ಕೋಲಿನ ಸುತ್ತ ಮಡಚಿದರು. ಒಂದು ಗುಂಡು ನೀಲಿ, ಒಂದು ಕೆಂಪು.

"ಹಿಂದ ಸರೀರಿ!" ಎಂದರು ಮತ್ತೆ. ಮೂವತ್ತು ಜನ, ಉಮಾಠೆ ಸಾಹೇಬರೂ ಸೇರಿ, ಗೋಡೆಗೆ ಒತ್ತಿ ನಿಂತರು.

ಮಾವ ವಿಮಾನವನ್ನು ಕರೆಯತೊಡಗಿದರು. ಎಡಗೈ ಮೊಣಕೈಯಿಂದ ಮೇಲಕ್ಕೆ, ಹಿಂದಕ್ಕೆ, ಮೇಲಕ್ಕೆ, ಹಿಂದಕ್ಕೆ: ಬಾ, ಬಾ. ಐದು ತಿಂಗಳು ಅಲುಗದಿದ್ದ ಬಲಗೈ ತೊಡೆ ಬಿಟ್ಟಿತು. ಒಂದು ಗೇಣು. ಮತ್ತೊಂದು ಗೇಣು. ಹಣೆಯಿಂದ ಬೆವರು ಇಳಿಯುತ್ತಿತ್ತು.

ನನಗೆ ಗೋಡೆಯ ಫೋಟೋ ನೆನಪಾಯಿತು. ಹದಿನಾಲ್ಕು ವರ್ಷದಿಂದ ಅದನ್ನು ಒರೆಸುತ್ತಿದ್ದೇನೆ. ಅದರಲ್ಲಿ ಮಾವನ ಎರಡೂ ಕೈಯಲ್ಲಿ ದೀಪದ ಕೋಲುಗಳಿವೆ. ಇಳಿದ ವಿಮಾನವನ್ನು ನಿಲ್ಲುವ ಜಾಗಕ್ಕೆ ಕರೆತರುವುದು ಅವರ ಇಪ್ಪತ್ತಾರು ವರ್ಷದ ಕೆಲಸವಾಗಿತ್ತು. ನಾವು ಅವರ ಮುಂದೆ ಬೊಂಬೆ ಕುಣಿಸಿ, ಗೂಟ ಬೀಳಿಸಿರೆಂದು ಗೋಗರೆಯುತ್ತಿದ್ದೆವು.

ವಿಮಾನ ತಲೆಯ ಮೇಲೆ ಬಂದಾಗ ಮಾವ ಎರಡೂ ಕೋಲುಗಳನ್ನು ಎತ್ತಿ ಒಂದರ ಮೇಲೊಂದು ಅಡ್ಡ ಹಾಕಲು ನೋಡಿದರು: ನಿಲ್ಲು. ಎಡಗೈ ತಲೆಯ ಮೇಲೆ ಹೋಯಿತು. ಬಲಗೈ ಎದೆಯ ಹತ್ತಿರ ಬಂದು ನಡುಗಿ, ಬಿತ್ತು. ವಿಮಾನ ನಮ್ಮನ್ನು ದಾಟಿ ಹೋಯಿತು.

"ನಿಲ್ಲಲಿಲ್ಲ" ಎಂದರು ಮಾವ. ಅವರ ಮುಖ ಹುಡುಗರ ಮುಖದಂತೆ ಸೊಟ್ಟಗಾಯಿತು.

ಉಮಾಠೆ ಸಾಹೇಬರು ಕೆಮ್ಮಿ, ಠರಾವಿನ ಪುಸ್ತಕ ತೆರೆದು, ಗೇಮ್ ಆಡುವ ಯಂತ್ರ ಎಂಬುದರ ಮುಂದೆ "ಮಲ್ಲೇಶಪ್ಪನವರದು ಹೊರತಾಗಿ" ಎಂದು ಬರೆದರು. ಮೊಹರು ಕೆಳಗಿತ್ತು. ಅದನ್ನು ತರಲು ತಾವೇ ನಾಲ್ಕು ಮಹಡಿ ಇಳಿದು ಹತ್ತಿದರು.

ಮರುದಿನದಿಂದ ಟೆರೇಸು ವಿಮಾನ ನಿಲ್ದಾಣವಾಯಿತು. ಏಳೂ ಹತ್ತರ ವಿಮಾನ ಹೇಗಿದ್ದರೂ ನಮ್ಮಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಿಲ್ಲುವಂಥ ವಿಮಾನವೊಂದು ಬೇಕಾಯಿತು. ನಮ್ಮವರು ವಿಮಾನವಾದರು.

ನಲವತ್ತಾರು ವರ್ಷದ, ಸ್ವಲ್ಪ ಹೊಟ್ಟೆ ಬಂದ, ಮಂಕಿಕ್ಯಾಪ್ ಹಾಕಿದ ವಿಮಾನ. ಟೆರೇಸಿನ ಆ ತುದಿಯಿಂದ ಎರಡೂ ಕೈ ಚಾಚಿ, ಬಾಯಲ್ಲಿ ಇಂಜಿನ್ನಿನ ಸದ್ದು ಮಾಡುತ್ತ ಬರುತ್ತಿದ್ದರು. ಈ ತುದಿಯಲ್ಲಿ ಗಾಲಿಕುರ್ಚಿ. ಕೋಲು ಮಾತ್ರ ಸಾಕಾಗಿತ್ತು. ಆದರೆ ಡಬ್ಬಿ ಇಲ್ಲದೆ ಅದು ಹೊತ್ತದಾದ್ದರಿಂದ ದಿನವೂ ಡಬ್ಬಿ ಹೊತ್ತು ಹತ್ತುವುದು ನನ್ನ ಪಾಳಿ. ನಿಯಮ ಮಾವನದು.

"ಎರಡೂ ಅಡ್ಡ... ಆಗೋತನಕಾ ನಿಲ್ಲಬಾರದು. ನಿಂತ್ರ... ನೀ ಪೈಲಟ್ ಅಲ್ಲ."

ಅಡ್ಡ ಆಗುತ್ತಿರಲಿಲ್ಲ. ವಿಮಾನ ಪ್ರತಿದಿನ ಬಂದು ಗಾಲಿಕುರ್ಚಿಗೆ ಡಿಕ್ಕಿ ಹೊಡೆಯುತ್ತಿತ್ತು. ಒಮ್ಮೆ ನೀರಿನ ಪೈಪಿಗೆ ಎಡವಿ ಮುಗ್ಗರಿಸಿ ಮೊಣಕೈ ತರಚಿಕೊಂಡಿತು. ಅಂದಿನಿಂದ ನೆಲ ನೋಡಿಕೊಂಡೇ ಹಾರುವುದು ರೂಢಿಯಾಯಿತು. ಬಲಗೈ ಎಷ್ಟು ಏರಿತೆಂದು ಕಾಕೂ ಟಾಕಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಎದೆ. ಗದ್ದ. ಡಿಸೆಂಬರ್ ಕೊನೆಗೆ ಕಿವಿ. ಅಕ್ಷರಾ ಒಂದು ದಿನ ಬಂದು ನೋಡಿ, "ಹರೀಶ್ ಸರ್, ಇದನ್ನ ನಮ್ಮ ಕಾಲೇಜಲ್ಲಿ ಯಾರೂ ಹೇಳ್ಕೊಡ್ಲಿಲ್ಲ" ಎಂದು ಕಣ್ಣೊರೆಸಿಕೊಂಡಳು.

ಸಂಕ್ರಾಂತಿಯ ಮರುದಿನ. ಟೆರೇಸಿನ ತುಂಬ ಜನ, ಅಕ್ಷರಾ ಕೂಡ, ಎಲ್ಲರ ಬಾಯಲ್ಲೂ ಎಳ್ಳುಂಡೆ. ವಿಮಾನ ಹೊರಟಿತು. ಮಾವ ಕರೆದರು: ಬಾ, ಬಾ, ನಿಧಾನ. ಬಲಗೈ ಕಿವಿ ದಾಟಿತು. ಕಾಕೂ ಸೀಮೆಸುಣ್ಣ ಕೆಳಗೆ ಹಾಕಿದರು. ಕೈ ಹಣೆ ದಾಟಿತು. ಕೆಂಪು ಗುಂಡು ನಡುಗುತ್ತ, ತೂಗುತ್ತ, ತಲೆಯ ಮೇಲಿದ್ದ ನೀಲಿ ಗುಂಡಿನ ಪಕ್ಕಕ್ಕೆ ಹೋಗಿ ಅದನ್ನು ದಾಟಿತು. ಅಡ್ಡ. ಬರೋಬರ್ ಅಡ್ಡ.

ಎಲ್ಲರೂ ಒಮ್ಮೆಲೇ "ಹಾ!" ಎಂದರು. ಪೈಪು ಬಂತೆಂದು ಎಚ್ಚರಿಸುತ್ತಿದ್ದಾರೆ ಅಂದುಕೊಂಡ ವಿಮಾನ ನೆಲವನ್ನು ಇನ್ನಷ್ಟು ಜೋಪಾನವಾಗಿ ನೋಡುತ್ತ ಬಂದು, ಗಾಲಿಕುರ್ಚಿಗೆ ಡಿಕ್ಕಿ ಹೊಡೆಯಿತು. ಕೈಗಳು ಕೆಳಗೆ ಬಿದ್ದವು.

"ಹರ್ಯಾ!" ಮಾವ ಗುಡುಗಿದರು. ಜೂನಿನಿಂದ ಅವರು ಇಷ್ಟುದ್ದ ತಡವರಿಸದೆ ಆಡಿದ್ದು ಇದೇ ಮೊದಲು. "ಸ್ಟಾಪ್ ಕೊಟ್ಟೇನಿ! ಕಣ್ಣು ಎಲ್ಲಿಟ್ಟಿದ್ದಿ?"

"ಯಾವಾಗ? ಅಪ್ಪಾ, ಯಾವಾಗ ಕೊಟ್ಟಿ? ನಾ ನೋಡಲಿಲ್ಲ. ಇನ್ನೊಮ್ಮೆ ತೋರ್ಸು. ಒಂದs ಸಲ."

ಮಾವ ನಕ್ಕರು. ಸೊಟ್ಟ ಬಾಯಿಯ ಒಂದೇ ಬದಿಯಿಂದ. "ನಾಳಿ. ಇವತ್ತಿನ ಡ್ಯೂಟಿ ಮುಗೀತು."

ಅಂದು ಅವರು ನಮ್ಮ ಜೊತೆ ಕೂತು ಉಂಡರು. ಬಲಗೈಯಲ್ಲಿ. ಮೂರು ತುತ್ತು ಬಾಯಿಗೆ, ಒಂದು ಶಾಲಿಗೆ. ಯಶಿಕಾ ನೋಡಿಯೂ ನೋಡದವಳಂತೆ ತಟ್ಟೆ ನೋಡುತ್ತಿದ್ದಳು.

ಬೆಳಿಗ್ಗೆ ಪಾಳಿಗೆ ಹೊರಡುವ ಮುನ್ನ ಚಹಾ ಕೊಡಲು ಹೋದೆ. ಎರಡನೆಯ ಹೊಡೆತ ನಿದ್ದೆಯಲ್ಲೇ ಬಂದು ಹೋಗಿತ್ತು. ಬಲಗೈ ಶಾಲಿನ ಹೊರಗಿತ್ತು.

ಆ ಕ್ಷಣವನ್ನು ಟೆರೇಸಿನಲ್ಲಿದ್ದ ಎಲ್ಲರೂ ನೋಡಿದ್ದರು, ನಮ್ಮವರೊಬ್ಬರನ್ನು ಬಿಟ್ಟು. ಅಷ್ಟು ಜನರ ಜೇಬಿನಲ್ಲಿ ಅಷ್ಟು ಫೋನುಗಳಿದ್ದವು. ನೋಡುವುದರಲ್ಲಿ ಮೈಮರೆತು ಯಾರೂ ಅವನ್ನು ಹೊರತೆಗೆದಿರಲಿಲ್ಲ. ದುಃಖ ಕೇಳಲು ಬಂದವರನ್ನೆಲ್ಲ ನಮ್ಮವರು ಒಂದೇ ಪ್ರಶ್ನೆ ಕೇಳಿದರು: "ಕೈ ಎಷ್ಟು ಎತ್ತರ ಹೋಗಿತ್ತು? ಮಾಡಿ ತೋರಿಸ್ರಿ." ಕಾಕೂ ಎರಡು ಲಟ್ಟಣಿಗೆ ಹಿಡಿದು ತೋರಿಸಿದರು. ಅಕ್ಷರಾ ಎರಡು ಪೆನ್ನು ಹಿಡಿದು ತೋರಿಸಿದಳು. ಒಬ್ಬರು ತೋರಿಸಿದಂತೆ ಇನ್ನೊಬ್ಬರು ತೋರಿಸಲಿಲ್ಲ. ಉಮಾಠೆ ಸಾಹೇಬರು ಛತ್ರಿಯನ್ನೂ ಊರುಗೋಲನ್ನೂ ತಲೆಯ ಮೇಲೆ ಅಡ್ಡ ಹಿಡಿದು, ಕೆಳಗಿಳಿಸಲು ಮರೆತು, ಹಾಗೇ ನಿಂತು ಅತ್ತುಬಿಟ್ಟರು. ಹೋಗುವಾಗ ನಮ್ಮ ರಿಜಿಸ್ಟರ್ ಕೇಳಿ ಪಡೆದು ಕೊನೆಯ ಪುಟದಲ್ಲಿ ಬರೆದರು. ಹೆಸರು: ಮಲ್ಲೇಶಪ್ಪ. ಅಂಗ: ಬಲ ಭುಜ. ಫಲ: ಪೂರ್ತಿ. ನಾನು ಕಂಡಿದ್ದೇನೆ. ಕೆಳಗೆ ಸಹಿ, ಮೊಹರು.

ನಮ್ಮವರು ಅದನ್ನು ಓದಿದರು. ಓದುವುದು ನೋಡಿದಂತಾಗುವುದಿಲ್ಲವಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ನಾನು ಪಾಳಿಯಿಂದ ಬಂದಾಗ ಮನೆಯಲ್ಲಿ ಅವರಿರಲಿಲ್ಲ. "ಅಪ್ಪ ಮ್ಯಾಲೆ ಹೋಗ್ಯಾರ" ಎಂದಳು ಯಶಿಕಾ, ಪುಸ್ತಕದಿಂದ ತಲೆ ಎತ್ತದೆ. ನಾನು ಚೀಲ ಇಳಿಸಿ, ಡಬ್ಬಿ ಎತ್ತಿಕೊಂಡೆ.

ಟೆರೇಸಿನ ಆ ತುದಿಯಲ್ಲಿ ಮಂಕಿಕ್ಯಾಪ್ ಹಾಕಿಕೊಂಡು ನಿಂತಿದ್ದರು. ಮೋಟಾರಿನ ಪಕ್ಕದ ಪ್ಲಗ್ಗಿಗೆ ಡಬ್ಬಿ ಸಿಕ್ಕಿಸಿದೆ. ನೀಲಿ ಹೊತ್ತಿತು, ಕೆಂಪು ಹೊತ್ತಿತು. ಗಾಲಿಕುರ್ಚಿ ಇರುತ್ತಿದ್ದ ಜಾಗದಲ್ಲಿ ನಿಂತು ಕೋಲು ಎತ್ತಿದೆ: ಬಾ.

ಅವರು ಎರಡೂ ಕೈ ಚಾಚಿ, ಸದ್ದು ಮಾಡುತ್ತ ಬಂದರು. ಪೈಪನ್ನು ನೋಡದೆಯೇ ದಾಟಿದರು. ಕಣ್ಣು ಕೋಲುಗಳ ಮೇಲೇ ಇತ್ತು. ಹತ್ತು ಹೆಜ್ಜೆ, ಆರು ಹೆಜ್ಜೆ, ಮೂರು. ಇಡೀ ದಿನ ಮಾತ್ರೆ ತೂಗಿದ ಕೈಗಳನ್ನು ನಾನು ತಲೆಯ ಮೇಲೆ ಎತ್ತಿ ಅಡ್ಡ ಹಾಕಿದೆ.

ನಿಂತರು. ಬಾಯಿಯ ಇಂಜಿನ್ನು ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ.